ದೀಪ ಹಿಡಿದ ತಂಗಿ

"ಇನ್ನೂ ಹಿಂದೆ ಹೋಗಿ ದಫೇದಾರ್ರೇ. ಹೊಸ್ತಿಲ ತನಕ."

ದಫೇದಾರರು ಹೊಟ್ಟೆಯನ್ನು ಒಳಗೆಳೆದುಕೊಂಡು, ಬಣ್ಣದ ಡಬ್ಬಗಳ ಮಧ್ಯೆ ದಾರಿ ಮಾಡಿಕೊಳ್ಳುತ್ತ ಹಿಂದಕ್ಕೆ ನಡೆದರು. ಬೆನ್ನು ಬಾಗಿಲ ಚೌಕಟ್ಟಿಗೆ ತಾಗಿದಾಗ ನಿಂತರು.

"ಈಗ ಏನು ಕಾಣತ್ತೆ?"

"ಗೋಡೆ, ಮೇಡಂ."

"ಗೋಡೆ ಮೇಲೆ?"

"ಬೂದಿ." ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದರು. "ಬೂದಿ ಮೇಲೆ ಇನ್ನೊಂದಿಷ್ಟು ಬೂದಿ. ನಮ್ಮನೆ ಅಡಿಗೆಮನೆ ಗೋಡೆ ಇದಕ್ಕಿಂತ ವಾಸಿ. ಅದರ ಮೇಲೆ ಹೊಗೆಯಾದ್ರೂ ಒಂದು ಆಕಾರಕ್ಕೆ ಕೂತಿದೆ."

ಇನ್‌ಸ್ಪೆಕ್ಟರ್ ನಗಲಿಲ್ಲ. ಅವಳಿಗೂ ಚಿತ್ರಕಲೆಗೂ ಎಣ್ಣೆ ಸೀಗೆಕಾಯಿ. ಶಾಲೆಯಲ್ಲಿ ಅವಳು ಬರೆದ ಹಸುವನ್ನು ಮೇಷ್ಟ್ರು ಮೇಜೆಂದು ತಿಳಿದು ಅಂಕ ಕೊಟ್ಟಿದ್ದರು. ಆದರೂ ಬೆಳಗಿನಿಂದ ಈ ಗೋಡೆಯ ಮುಂದೆ ಗಾಣದೆತ್ತಿನಂತೆ ಸುತ್ತುತ್ತಿದ್ದಳು.

ಒಂದು ಕಾಲದಲ್ಲಿ ಬಟ್ಟೆಯ ಮೂಟೆಗಳನ್ನು ಪೇರಿಸಿಡುತ್ತಿದ್ದ ಉಗ್ರಾಣ ಅದು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿತ್ತು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಒಂದೇ ಒಂದು ದೀಪ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಬಾಗಿಲಿನಿಂದ ದೂರ, ಎಡಗಡೆಗೆ ನಿಂತಿತ್ತು. ಅದರ ಕಾಲುಗಳ ಸುತ್ತ ನೆಲದ ಮೇಲೆ ಬಿಳಿ ಬಣ್ಣದ ಗುರುತು. ದೀಪವನ್ನು ಕೂದಲೆಳೆಯಷ್ಟು ಸರಿಸಿದರೂ ಚಿತ್ರಕಾರ್ತಿ ಮನೆ ತಲೆ ಮೇಲೆ ಮಾಡುತ್ತಿದ್ದಳಂತೆ.

ಎದುರು ಗೋಡೆಯ ಉದ್ದಕ್ಕೂ, ಮೊಳೆ ಹೊಡೆದು ನಿಲ್ಲಿಸಿದ ಕ್ಯಾನ್ವಾಸಿನ ಮೇಲೆ, ಅವಳ ಕೊನೆಯ ಚಿತ್ರ. ಅದರ ಮುಂದೆ ಬಿದಿರು, ಹಲಗೆಗಳ ಸಾರುವೆ. ಸಾರುವೆಯ ಬುಡದಲ್ಲಿ ಸೀಮೆಸುಣ್ಣದಿಂದ ಬರೆದ ಮನುಷ್ಯಾಕಾರ. ಮೇಲಿನಿಂದ ಬಿದ್ದು ಅವಳು ಸತ್ತದ್ದು ಅಲ್ಲೇ. ಕಾಲು ಜಾರಿತು ಎಂದು ಊರೇ ನಂಬಿತ್ತು. ಮೇಲಧಿಕಾರಿಗಳಂತೂ ಕಡತಕ್ಕೆ ದಾರ ಸುತ್ತಿ ಕೂತಿದ್ದರು.

"ಈಗ ಇಲ್ಲಿಗೆ ಬನ್ನಿ. ನನ್ನ ಪಕ್ಕ, ದೀಪದ ಹತ್ರ."

ದಫೇದಾರರು ಬಂದರು. ದೀಪದ ಪಕ್ಕದಲ್ಲಿ ತಲೆ ಎತ್ತಿದವರು ಅಲ್ಲೇ ಬಾಯಿ ಬಿಟ್ಟುಕೊಂಡು ನಿಂತರು.

ಬೂದಿ ಎಲ್ಲೂ ಇರಲಿಲ್ಲ. ಗೋಡೆಗೆ ಗೋಡೆಯೇ ಬೆಳ್ಳಿಯಾಗಿತ್ತು. ಓರೆಯಾಗಿ ಸುರಿದ ಬೆಳ್ಳಿಯ ಪಟ್ಟೆಗಳು, ಅವುಗಳ ನಡುವೆ ಒಂದು ಕಪ್ಪು ಸೀಳು. ಅವರು ತಲೆಯನ್ನು ಬಲಕ್ಕೆ ವಾಲಿಸಿದರು, ಬೆಳ್ಳಿ ಮಂಕಾಯಿತು. ಎಡಕ್ಕೆ ತಂದರು, ಮತ್ತೆ ಉರಿದೆದ್ದಿತು.

"ಇದೇನು ಮೇಡಂ ಮಾಟ?"

"ಮಾಟ ಅಲ್ಲ, ಗಾಜು. ಹಿಟ್ಟಿನಷ್ಟು ನುಣ್ಣಗಿನ ಗಾಜಿನ ಮಣಿಗಳು. ಹಸಿ ಬಣ್ಣದ ಮೇಲೆ ಜರಡಿ ಹಿಡಿದು ಉದುರಿಸ್ತಿದ್ರು. ರಾತ್ರಿ ಗಾಡಿ ಓಡಿಸುವಾಗ ರಸ್ತೆ ಬದಿ ಬೋರ್ಡು ನಿಮ್ಮ ಹೆಡ್‌ಲೈಟಿಗೆ ಹೇಗೆ ಹೊಳೆಯತ್ತೆ? ಬದಿಯಲ್ಲಿ ನಡ್ಕೊಂಡು ಹೋಗೋನಿಗೆ ಹೊಳೆಯತ್ತಾ?"

"ಇಲ್ಲ."

"ಯಾಕಂದ್ರೆ ಆ ಗಾಜು ಬೆಳಕನ್ನ ಬಂದ ದಾರೀಲೇ ವಾಪಸ್ ಕಳಿಸತ್ತೆ. ದೀಪ ಎಲ್ಲಿದೆಯೋ ಅಲ್ಲಿಗೇ. ದೀಪದ ಪಕ್ಕ ಕಣ್ಣಿಟ್ಟವರಿಗೆ ಬೆಳ್ಳಿ. ಉಳಿದೋರಿಗೆಲ್ಲ ಬೂದಿ."

ದಫೇದಾರರು ಒಮ್ಮೆ ಬಾಗಿಲನ್ನೂ ಒಮ್ಮೆ ದೀಪವನ್ನೂ ನೋಡಿದರು. ಮೂವತ್ತು ವರ್ಷ ಖಾಕಿ ಹಾಕಿದ ತಲೆ ಅದು, ಹೇಳಿಸಿಕೊಳ್ಳಬೇಕಾಗಿರಲಿಲ್ಲ.

"ಮೇಡಂ... ಆಯಮ್ಮನ ತಂಗಿಯವರು ಮೊದಲನೇ ದಿನ ಹೇಳಿದ್ದು..."

"ಹೇಳಿ. ನಿಮಗೆ ನೆನಪಿರೋ ಹಾಗೆ."

"'ನಾನು ಬಾಗಿಲಲ್ಲೇ ನಿಂತಿದ್ದೆ, ಒಳಗೆ ಕಾಲಿಡಲಿಲ್ಲ. ಚಿತ್ರ ಬೆಳ್ಳಿ ಹಾಗೆ ಹೊಳೀತಾ ಇತ್ತು. ಅಷ್ಟರಲ್ಲಿ ಅಕ್ಕ ಬಿದ್ಲು.' ಅಳ್ತಾ ಅಳ್ತಾ ಹೇಳಿದ್ರು."

"ಬಾಗಿಲಲ್ಲಿ ನಿಂತೋರಿಗೆ ಬೆಳ್ಳಿ ಹೇಗೆ ಕಂಡಿತು?"

ದಫೇದಾರರು ಉತ್ತರ ಹೇಳುವ ಮೊದಲೇ ಕೋಣೆಗೆ ಸುಗಂಧ ಬಂತು. ಅದರ ಹಿಂದೆ ಮನುಷ್ಯ ಬಂದ.

ಚಿತ್ರಕಾರ್ತಿಯ ಚಿತ್ರಗಳನ್ನೆಲ್ಲ ಮಾರುತ್ತಿದ್ದ ಗ್ಯಾಲರಿಯ ಯಜಮಾನ ಅವನು. ಮೈಗೆ ಹಾಕಿಕೊಂಡ ಸೆಂಟು ಅವನಿಗಿಂತ ಹತ್ತು ಮಾರು ಮುಂದೆ ನಡೆಯುತ್ತಿದ್ದುದರಿಂದ ದಫೇದಾರರು ಮೊದಲ ದಿನವೇ ಅವನಿಗೆ ಸೆಂಟು ಸಾಹುಕಾರ ಎಂದು ಹೆಸರಿಟ್ಟಿದ್ದರು.

"ಲಾರಿ ಬಂದು ನಿಂತಿದೆ ಮೇಡಂ," ಎಂದ ಸಾಹುಕಾರ. "ನಿಮ್ಮ ಸಾಹೇಬರು ನಿಮಗೆ ಫೋನ್ ಮಾಡಿರಬೇಕಲ್ಲ? ಸಂಜೆಯೊಳಗೆ ಈ ಚಿತ್ರ ಗ್ಯಾಲರಿ ಸೇರಬೇಕು. ಜನ ದೇಶಾಂತರದಿಂದ ಬರ್ತಿದಾರೆ."

"ಮಾಡಿದ್ರು," ಎಂದಳು ಇನ್‌ಸ್ಪೆಕ್ಟರ್. ಮಾಡಿದ್ದಷ್ಟೇ ಅಲ್ಲ, ಒಂದು ಬೆಟ್ಟದಷ್ಟು ಬುದ್ಧಿವಾದವನ್ನೂ ಹೇಳಿದ್ದರು. ಚಿತ್ರವನ್ನು ಕಳಚಿ, ದೀಪವನ್ನು ಎತ್ತಿಟ್ಟ ಮೇಲೆ, ಯಾರು ಎಲ್ಲಿ ನಿಂತಿದ್ದರು ಎಂದು ತೋರಿಸಲು ಅವಳ ಬಳಿ ಏನೂ ಉಳಿಯುತ್ತಿರಲಿಲ್ಲ. ಕೈಯಲ್ಲಿದ್ದದ್ದು ಲಾರಿ ಕಾಯುವಷ್ಟು ಹೊತ್ತು ಮಾತ್ರ.

"ಒಂದು ಮಾತು. ಅವರಿಗೆ ಕೆಲಸದಲ್ಲಿ ಯಾರು ಸಹಾಯ ಮಾಡ್ತಿದ್ರು?"

"ಸಹಾಯವೇ?" ಸಾಹುಕಾರ ನಕ್ಕ. "ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಹದ್ದಿನ ಕಣ್ಣು ಮೇಡಂ ಅವರದು. ಒಂದು ಮಣಿ ಹೆಚ್ಚಾದ್ರೆ ಇಲ್ಲಿಂದಲೇ ಗೊತ್ತಾಗ್ತಿತ್ತು."

"ತಂಗಿ?"

"ಪಾಪ, ಅನ್ನ ನೀರು ನೋಡ್ಕೋತಿದ್ರು. ಮನೆವಾರ್ತೆ." ಗಡಿಯಾರ ನೋಡಿಕೊಂಡ. "ಆಳುಗಳನ್ನ ಒಳಗೆ ಕರೀಲಾ?"

"ನಾನು ಹೇಳೋ ತನಕ ಒಂದು ಮೊಳೆ ಕಿತ್ತರೂ ನಿಮ್ಮ ಆಳುಗಳು ನನ್ನ ಜೀಪು ಹತ್ತಬೇಕಾಗತ್ತೆ."

ಸಾಹುಕಾರ ಹೊರಗೆ ಹೋದ. ಅವನ ಸೆಂಟು ಮಾತ್ರ ಹೋಗಲಿಲ್ಲ. ಇನ್‌ಸ್ಪೆಕ್ಟರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ, ಆದರೆ ಆಗದಿರುವುದು ಸಾಕ್ಷಿಯಲ್ಲವಲ್ಲ. ಚಿತ್ರಕಾರ್ತಿ ಬಿದ್ದ ಹೊತ್ತಿಗೆ ಅವನು ಊರಿನ ಆಚೆ ತುದಿಯಲ್ಲಿ ಹತ್ತಾರು ಜನರ ಕಣ್ಣೆದುರು ಭಾಷಣ ಮಾಡುತ್ತಿದ್ದ.

"ಬನ್ನಿ," ಎಂದಳು ದಫೇದಾರರಿಗೆ. "ಬೆಳ್ಳಿ ಕಂಡೋರನ್ನ ಮಾತಾಡಿಸೋಣ."

* * *

ಉಗ್ರಾಣದ ಹಿಂಭಾಗಕ್ಕೆ ಅಂಟಿಕೊಂಡೇ ಮನೆ. ನಡುವೆ ಒಂದು ಉದ್ದನೆಯ ಓಣಿ. ಇನ್‌ಸ್ಪೆಕ್ಟರ್ ಈ ಓಣಿಯಲ್ಲಿ ಈಗಾಗಲೇ ಎಷ್ಟೋ ಸಲ ಓಡಾಡಿದ್ದಳು. ಆದರೆ ಇವತ್ತು ಅವಳ ಕೈ ಗೋಡೆಗೆ ಬಿಗಿದಿದ್ದ ಹಗ್ಗಕ್ಕೆ ತಗುಲಿತು. ಬಟ್ಟೆ ಒಣಹಾಕುವ ಹಗ್ಗವೆಂದು ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ಸೊಂಟದ ಎತ್ತರಕ್ಕೆ ಯಾಕಿರುತ್ತದೆ? ಗೋಡೆಗೆ ಒತ್ತಿಕೊಂಡು ಯಾಕಿರುತ್ತದೆ?

ಅಡಿಗೆಮನೆಯಲ್ಲಿ ತಂಗಿ ಜರಡಿಗಳನ್ನು ತೊಳೆದು ಒರೆಸುತ್ತಿದ್ದಳು. ನಲವತ್ತು ದಾಟಿದ ಹೆಂಗಸು. ಅತ್ತತ್ತು ಕಣ್ಣಿನ ರೆಪ್ಪೆ ಊದಿತ್ತು. ಇನ್ನು ಆ ಜರಡಿಗಳಿಂದ ಯಾರಿಗೂ ಕೆಲಸವಿರಲಿಲ್ಲ, ಆದರೂ ಒಂದೊಂದನ್ನೂ ಬೆಳಕಿಗೆ ಹಿಡಿದು ಮಣಿ ಉಳಿದಿದೆಯೇ ಎಂದು ನೋಡುತ್ತಿದ್ದಳು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಟೀ ಮಾಡ್ಲಾ?"

"ಮಾಡಿ."

ಇನ್‌ಸ್ಪೆಕ್ಟರಿಗೆ ಟೀ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಆ ಕೋಣೆಯನ್ನು ಸುಮ್ಮನೆ ನೋಡಲು ಒಂದಿಷ್ಟು ಸಮಯ. ಗೂಡಿನಲ್ಲಿ ಡಬ್ಬಗಳ ಸಾಲು. ಉಪ್ಪಿನ ಡಬ್ಬಕ್ಕೆ ಒಂದು ರಬ್ಬರ್ ಬ್ಯಾಂಡ್. ಸಕ್ಕರೆಯದಕ್ಕೆ ಎರಡು. ಟೀಪುಡಿಯದಕ್ಕೆ ಒರಟು ದಾರದ ಗಂಟು. ಮೇಜಿನ ನಾಲ್ಕೂ ಮೂಲೆಗೆ ಬಟ್ಟೆ ಸುತ್ತಿ ಹೊಲಿದಿತ್ತು, ಮಗು ನಡೆಯಲು ಕಲಿಯುವ ಮನೆಗಳಲ್ಲಿ ಮಾಡುವ ಹಾಗೆ. ಈ ಮನೆಯಲ್ಲಿ ಮಗುವಿರಲಿಲ್ಲ.

ತಂಗಿ ಸಕ್ಕರೆಯ ಡಬ್ಬವನ್ನು ಬ್ಯಾಂಡ್ ಮುಟ್ಟದೆ, ಕಣ್ಣಿನಿಂದ ನೋಡಿಯೇ ತೆಗೆದಳು.

ಟೀ ಬಂತು. ಇನ್‌ಸ್ಪೆಕ್ಟರ್ ಲೋಟ ಮುಟ್ಟಲಿಲ್ಲ.

"ಯಾವಾಗಿನಿಂದ ಅಕ್ಕನಿಗೆ ಕಣ್ಣು ಕಾಣ್ತಿರಲಿಲ್ಲ?"

ತಂಗಿಯ ಕೈಯಲ್ಲಿದ್ದ ಜರಡಿ ಬಿತ್ತು. ನೆಲದ ಮೇಲೆ ಉರುಳುತ್ತ ಹೋಗಿ ಗೋಡೆಗೆ ತಾಗಿ ಬೋರಲಾಯಿತು. ದಫೇದಾರರು ಅದನ್ನು ಎತ್ತಲು ಬಗ್ಗಿದವರು, ಇನ್‌ಸ್ಪೆಕ್ಟರ್ ಮುಖ ನೋಡಿ ಹಾಗೇ ಬಿಟ್ಟರು.

"ಯಾರು ಹೇಳಿದ್ದು ನಿಮಗೆ?"

"ನಿಮ್ಮ ಡಬ್ಬಗಳು ಹೇಳಿದ್ವು."

ತಂಗಿ ಕುರ್ಚಿಯ ಅಂಚಿಗೆ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಎರಡು ವರ್ಷ ಆಯ್ತು," ಎಂದಳು ಕೊನೆಗೆ. "ಮೊದಲು ಮಂಜು ಮಂಜು ಅಂದ್ಲು. ಆಮೇಲೆ ಕಣ್ಣಿನ ನರ ಒಣಗ್ತಿದೆಯಂತೆ, ಮದ್ದಿಲ್ಲವಂತೆ ಅಂದ್ಲು. ಒಂದು ದಿನ ಬೆಳಗ್ಗೆ ಎದ್ದು 'ಕಿಟಕಿ ತೆಗಿಯೇ' ಅಂದ್ಲು. ಕಿಟಕಿ ತೆಗೆದೇ ಇತ್ತು ಮೇಡಂ. ಬಿಸಿಲು ಅವಳ ಮುಖದ ಮೇಲೇ ಬಿದ್ದಿತ್ತು."

"ಡಾಕ್ಟರ ಹತ್ರ ನೀವು ಹೋಗಿದ್ರಾ?"

"ನನ್ನನ್ನ ಕರ್ಕೊಂಡು ಹೋಗಲಿಲ್ಲ. ಒಬ್ಬಳೇ ಹೋಗಿ ಬಂದಳು, ಆಗ ಇನ್ನೂ ಸ್ವಲ್ಪ ಕಾಣ್ತಿತ್ತು. ಬಂದೋಳು ನನ್ನ ಕೈ ಹಿಡ್ಕೊಂಡು ಭಾಷೆ ತಗೊಂಡ್ಲು. ಯಾರಿಗೂ ಗೊತ್ತಾಗಬಾರದು. ಬೆಳಕಿನ ಚಿತ್ರ ಬರೆಯೋಳು ಕುರುಡಿ ಅಂತ ತಿಳಿದ್ರೆ ಜನ ನನ್ನ ನೋಡೋಕೆ ಬರ್ತಾರೆ, ಚಿತ್ರ ನೋಡೋಕಲ್ಲ ಅಂದ್ಲು."

"ಗ್ಯಾಲರಿ ಯಜಮಾನರಿಗೆ?"

"ಅವರಿಗೂ ಗೊತ್ತಿಲ್ಲ. ಅವರು ಬಂದಾಗ ನಾನು ಒಂದು ಪಕ್ಕ ನಿಂತು ಕೆಮ್ಮೋದು, ಬಳೆ ಸದ್ದು ಮಾಡೋದು. ಸದ್ದು ಹಿಡ್ಕೊಂಡು ಅವಳು ಮುಖ ತಿರುಗಿಸ್ತಿದ್ಲು. ಎಷ್ಟು ಚೆನ್ನಾಗಿ ಮಾಡ್ತಿದ್ಲು ಅಂದ್ರೆ, ಒಂದೊಂದು ಸಲ ನನಗೇ ಅನುಮಾನ ಬರ್ತಿತ್ತು."

ಇನ್‌ಸ್ಪೆಕ್ಟರ್ ದಫೇದಾರರತ್ತ ತಿರುಗಿದಳು. "ಹೊರಗೆ ಹೋಗಿ ಶವಪರೀಕ್ಷೆ ಡಾಕ್ಟರಿಗೆ ಫೋನ್ ಮಾಡಿ. ಕಣ್ಣಿನ ವಿಷಯ ಕೇಳಿ. ನರದ ವಿಷಯ ಬಿಡಿಸಿ ಕೇಳಿ."

ದಫೇದಾರರು ತಮ್ಮ ಟೀಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದರು.

ಅವರು ಹೋದ ಮೇಲೆ ಅಡಿಗೆಮನೆಯಲ್ಲಿ ಇಬ್ಬರೇ ಹೆಂಗಸರು ಉಳಿದರು. ಹೊರಗೆ ಲಾರಿಯವನು ಬೇಸರಕ್ಕೆ ಒಮ್ಮೆ ಹಾರ್ನ್ ಒತ್ತಿದ.

"ನೀವು ಬಾಗಿಲಲ್ಲಿ ನಿಂತಿರಲಿಲ್ಲ," ಎಂದಳು ಇನ್‌ಸ್ಪೆಕ್ಟರ್.

"ಇಲ್ಲ."

"ದೀಪದ ಪಕ್ಕ ಇದ್ರಿ."

"ಇನ್ನೆಲ್ಲಿರ್ಲಿ? ಎರಡು ವರ್ಷದಿಂದ ನನ್ನ ಜಾಗ ಅದೇ." ಅವಳ ದನಿ ಮೊದಲ ಸಲ ಸ್ವಲ್ಪ ಗಟ್ಟಿಯಾಯಿತು. "ಅವಳು ಮೇಲೆ, ನಾನು ಕೆಳಗೆ. ಬಣ್ಣ ಬಳಿಯೋಳು ಅವಳು, ನೋಡೋಳು ನಾನು. 'ಎಡಕ್ಕೆ ಒಂದು ಗೇಣು ಅಕ್ಕ, ಅಲ್ಲಿ ಬೆಳ್ಳಿ ತೆಳುವಾಗಿದೆ.' 'ಸಾಕು, ಇನ್ನು ಮಣಿ ಉದುರಿಸಬೇಡ.' 'ಆ ಸೀಳನ್ನ ಹಾಗೇ ಬಿಡು, ಚೆನ್ನಾಗಿದೆ.' ಒಂದೊಂದು ಸಲ ಅವಳು, 'ಏನು ಕಾಣ್ತಿದೆಯೇ, ಹೇಳೇ' ಅನ್ನೋಳು. ಬೆಳ್ಳಿ ಅಂತ ಎಷ್ಟು ಸಲ ಹೇಳೋದು? ತಗಡಿನ ಮೇಲೆ ಮಳೆ ಬಿದ್ದ ಹಾಗಿದೆ ಅಂತಿದ್ದೆ. ಮೀನಿನ ಹೊಟ್ಟೆ ಹಾಗಿದೆ ಅಂತಿದ್ದೆ. ಅವಳು ನಗ್ತಿದ್ಲು. ನಾನು ಓದಿದೋಳಲ್ಲ ಮೇಡಂ. ಆದರೆ ಆ ಮಾತುಗಳೆಲ್ಲ ನನ್ನೊಳಗೆ ಎಲ್ಲಿದ್ವೋ, ಅಲ್ಲಿಗೆ ಹೋಗಿ ನಿಂತ ತಕ್ಷಣ ಬರ್ತಿದ್ವು."

"ಹಾಗಾದ್ರೆ ಚಿತ್ರ ಇಬ್ಬರದೂ."

ತಂಗಿ ಮುಖ ಬೇರೆ ಕಡೆ ತಿರುಗಿಸಿದಳು. ಇನ್‌ಸ್ಪೆಕ್ಟರ್ ಬಿಡಲಿಲ್ಲ.

"ಅಕ್ಕ ಹಾಗಂತ ಯಾವತ್ತಾದ್ರೂ ಅಂದಿದ್ರಾ?"

ಅದು ಗಾಯಕ್ಕೇ ತಾಗಿತು. ತಂಗಿಯ ಮುಖ ಕೆಂಪಾಯಿತು.

"ಅವಳು ಬಿದ್ದ ವಾರ ಯಾರೋ ದೊಡ್ಡ ಜನ ಬಂದಿದ್ರು. ಚಿತ್ರ ನೋಡಿ ಹೊಗಳಿದ್ದೇ ಹೊಗಳಿದ್ದು. ಅವರಲ್ಲೊಬ್ಬರು, 'ಇಷ್ಟು ದೊಡ್ಡ ಕೆಲಸ ಒಬ್ಬರೇ ಹೇಗೆ ಮಾಡ್ತೀರಿ, ಯಾರಾದ್ರೂ ಜೊತೆಗಿದ್ದಾರಾ' ಅಂತ ಕೇಳಿದ್ರು. ನಾನು ಅಲ್ಲೇ ತಟ್ಟೆ ಹಿಡ್ಕೊಂಡು ನಿಂತಿದ್ದೆ. ಅಕ್ಕ ಏನಂದ್ಲು ಗೊತ್ತಾ? 'ನನಗೊಂದು ದೀಪದ ಕಂಬ ಇದೆ, ಅಷ್ಟು ಸಾಕು' ಅಂದ್ಲು. ಎಲ್ಲರೂ ನಕ್ಕರು. ನಾನೂ ನಕ್ಕೆ. ಏನು ಮಾಡೋದು?"

ಇನ್‌ಸ್ಪೆಕ್ಟರಿಗೂ ಒಬ್ಬ ಅಕ್ಕ ಇದ್ದಳು. ತಂಗಿ ಭುಜದ ಮೇಲೆ ನಕ್ಷತ್ರ ಹೊತ್ತು ಬಂದರೂ "ಏ ಗೂಬೆ, ಊಟ ಆಯ್ತಾ" ಎಂದೇ ಕೇಳುವ ಅಕ್ಕ. ಅಂಥ ಮಾತು ಎಲ್ಲಿ ತಮಾಷೆ, ಎಲ್ಲಿಂದಾಚೆ ಮುಳ್ಳು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಮುಂದಿನ ಪ್ರಶ್ನೆ ಕೇಳಲು ನಾಲಿಗೆ ಒಂದು ಕ್ಷಣ ತಡವರಿಸಿತು.

"ಬಿದ್ದ ದಿನ ಏನಾಯ್ತು?"

"ಹೇಳಿದ್ನಲ್ಲ..."

"ನೀವು ಹೇಳಿದ್ದು ಬಾಗಿಲಲ್ಲಿ ನಿಂತವಳ ಕತೆ. ದೀಪದ ಪಕ್ಕ ನಿಂತವಳ ಕತೆ ಹೇಳಿ."

ತಂಗಿ ಎದ್ದಳು. ಬಿದ್ದ ಜರಡಿಯನ್ನು ಎತ್ತಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕೆಲವು ಬಾಗಿಲುಗಳನ್ನು ತಟ್ಟಬಾರದು, ಕಾಯಬೇಕು.

"ಸಾರುವೆಯ ಬಲಗಡೆ ಕೊನೇ ಹಲಗೆ ಇಲ್ಲ, ನೋಡಿದ್ರಾ?"

"ನೋಡಿದೆ. ಬಿದ್ದಾಗ ಜರಿದಿರಬೇಕು ಅಂತ ಬರ್ಕೊಂಡಿದೀವಿ."

"ಜರಿದದ್ದಲ್ಲ. ಬೆಳಗ್ಗೆ ನಾನೇ ಇಳಿಸಿದ್ದೆ. ಡಬ್ಬ ಇಡೋಕೆ ಕೆಳಗೆ ಒಂದು ಹಲಗೆ ಬೇಕಾಗಿತ್ತು. ಅವಳಿಗೆ ಹೇಳ್ಬೇಕಾಗಿತ್ತು, ಹೇಳಲಿಲ್ಲ." ಜರಡಿಯನ್ನು ಮೇಜಿನ ಮೇಲಿಟ್ಟಳು. "ಅವಳು ಮೇಲೆ ಕೆಲಸ ಮಾಡ್ತಿದ್ಲು. ಬಲಗಡೆ ಮೂಲೆಯಲ್ಲಿ ಬೆಳ್ಳಿ ಒಂದು ಕಡೆ ಸರಿಯಾಗಿ ಕೂತಿರಲಿಲ್ಲ. ನಾನು ಅಂದೆ... 'ಇನ್ನೊಂದು ಹೆಜ್ಜೆ ಬಲಕ್ಕೆ ಬಾ ಅಕ್ಕ.'"

ಹೊರಗೆ ಮತ್ತೆ ಹಾರ್ನ್. ಯಾರೋ ಲಾರಿಯವನನ್ನು ಗದರಿದ ಸದ್ದು.

"ಹಲಗೆ ಇಲ್ಲ ಅನ್ನೋದು ನೆನಪಿತ್ತಾ?"

"ಅದೇ ಮೇಡಂ." ತಂಗಿಯ ಕಣ್ಣು ಒಣಗಿತ್ತು. ಆ ಒಣಗಣ್ಣು ಅಳುವಿಗಿಂತ ಭಯಂಕರವಾಗಿತ್ತು. "ಆವತ್ತಿಂದ ಅದನ್ನೇ ಕೇಳ್ಕೋತಿದೀನಿ. ಮರೆತು ಅಂದೆನೋ, ನೆನಪಿಟ್ಕೊಂಡೇ ಅಂದೆನೋ, ನನಗೇ ಗೊತ್ತಿಲ್ಲ. ಬಾಯಿಂದ ಮಾತು ಹೊರಟಾಗ ತಲೆಯೊಳಗೆ ದೀಪದ ಕಂಬ, ದೀಪದ ಕಂಬ ಅಂತ ಓಡ್ತಾ ಇತ್ತು. ಅಷ್ಟು ಮಾತ್ರ ನೆನಪಿದೆ. ಅವಳು ಹೆಜ್ಜೆ ಇಟ್ಲು. ಕುರುಡಿಗೆ ಕಣ್ಣಾಗಿದ್ದೋಳು ನಾನು. ಕಣ್ಣೇ ಸುಳ್ಳು ಹೇಳಿದ್ರೆ ಅವಳೇನು ಮಾಡಬೇಕಿತ್ತು? ಕೈ ಹಚ್ಚದೆ ಕೊಂದೆ ಮೇಡಂ. ಈಗ ಹೇಳಿ, ಇದಕ್ಕೆ ನಿಮ್ಮ ಪುಸ್ತಕದಲ್ಲಿ ಯಾವ ಶಿಕ್ಷೆ ಇದೆ?"

ಬೆಳಗಿನಿಂದ ಇನ್‌ಸ್ಪೆಕ್ಟರ್ ಬೆನ್ನಟ್ಟಿ ಬಂದದ್ದು ಈ ಮಾತನ್ನೇ. ಅದು ಕೈಗೆ ಸಿಕ್ಕಾಗ ಗೆದ್ದ ಸುಖ ಆಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಎಷ್ಟೋ ತಪ್ಪೊಪ್ಪಿಗೆ ಕೇಳಿದ್ದಳು, ತನ್ನ ತಪ್ಪು ತನಗೇ ಗೊತ್ತಿಲ್ಲದ ತಪ್ಪೊಪ್ಪಿಗೆ ಇದೇ ಮೊದಲು.

ಓಣಿಯಲ್ಲಿ ಬೂಟಿನ ಸದ್ದಾಯಿತು. ದಫೇದಾರರು ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡಿದರು. ಇನ್‌ಸ್ಪೆಕ್ಟರ್ ಎದ್ದು ಹೋದಳು.

"ಡಾಕ್ಟರು ಸಿಕ್ಕಿದ್ರಾ?"

"ಸಿಕ್ಕಿದ್ರು." ದಫೇದಾರರ ದನಿ ಪಿಸುಮಾತಿಗಿಳಿಯಿತು. ಅವರ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. "ಎತ್ತರದಿಂದ ಬಿದ್ದವರು ಬಂದ್ರೆ ಮೊದಲು ಕಣ್ಣೇ ನೋಡ್ತಾರಂತೆ ಅವರು. ನೋಡಿದ್ದಾರೆ. ಕಣ್ಣಿನ ಸರ್ಜನ್ ಒಬ್ಬರನ್ನ ಕರೆಸಿ ಇನ್ನೊಂದು ಸಲ ತೋರಿಸಿದ್ದಾರೆ."

"ಏನಂತೆ?"

"ಏನೂ ಇಲ್ಲವಂತೆ ಮೇಡಂ. ಪೊರೆ ಇಲ್ಲ, ನರ ಒಣಗಿಲ್ಲ, ಬಿದ್ದ ಪೆಟ್ಟು ಬಿಟ್ರೆ ತಲೆಯೊಳಗೂ ಬೇರೇನೂ ದೋಷ ಇಲ್ಲ. 'ಆಯಮ್ಮ ಸಾಯೋ ತನಕ ಸೂಜಿಗೆ ದಾರ ಪೋಣಿಸ್ಬಹುದಿತ್ತು ಕಣ್ರೀ' ಅಂದ್ರು."

ಇನ್‌ಸ್ಪೆಕ್ಟರ್ ಅಲ್ಲೇ ಗೋಡೆ ಹಿಡಿದು ನಿಂತಳು. ಕೈಗೆ ಸಿಕ್ಕಿದ್ದು ಆ ಹಗ್ಗ. ಕುರುಡಿಗಾಗಿ ಬಿಗಿದ ಹಗ್ಗ.

ತಿರುಗಿ ನೋಡಿದಳು. ದಫೇದಾರರ ಪಿಸುಮಾತು ಅವರ ಹೊಟ್ಟೆಯಷ್ಟೇ ದೊಡ್ಡದು, ಮನೆಗೆಲ್ಲ ಕೇಳಿಸುವಂಥದ್ದು. ತಂಗಿ ಎದ್ದು ನಿಂತಿದ್ದಳು.

"ಸುಳ್ಳು," ಎಂದಳು.

"ಕೂತ್ಕೊಳ್ಳಿ."

"ಸುಳ್ಳು ಮೇಡಂ. ಬೇರೆ ಯಾರದೋ ಕಣ್ಣು ನೋಡಿದಾರೆ. ನಾನು ಅವಳಿಗೆ ಅನ್ನ ಕಲಸಿ ಕೊಟ್ಟಿದೀನಿ. ತಲೆ ಬಾಚಿದೀನಿ. ಚಪ್ಪಲಿ ಬಲದ್ದು ಯಾವುದು ಎಡದ್ದು ಯಾವುದು ಅಂತ ಕಾಲಿಗೆ ಹಾಕಿದೀನಿ. ಅವಳ ಎದುರಿಗೇ ಕೂತು ಅತ್ತಿದೀನಿ, ಸದ್ದಾಗದ ಹಾಗೆ, ಹೇಗೂ ಕಾಣಲ್ಲವಲ್ಲ ಅಂತ. ಸಿಟ್ಟು ಬಂದಾಗ..." ಮಾತು ನಿಂತಿತು. "ಸಿಟ್ಟು ಬಂದಾಗ ಅವಳ ಮುಖದ ಮುಂದೆ ನಾಲಿಗೆ ಚಾಚಿ ಅಣಕಿಸಿದೀನಿ. ಚಿಕ್ಕಂದಿನಲ್ಲಿ ಮಾಡ್ತಿದ್ದ ಹಾಗೆ. ಆಗೊಂದು ಸಲ ಅವಳ ತುಟಿ ಅಲುಗಿತ್ತು. ಏನೋ ನೆನಪಾಗಿ ನಗ್ತಿದಾಳೆ ಅಂದ್ಕೊಂಡೆ."

ಅವಳು ಕುಸಿದು ಕೂತಳು. ಎರಡೂ ಕೈ ಮೇಜಿನ ಮೇಲೆ ಚಾಚಿ, ಬಟ್ಟೆ ಸುತ್ತಿದ ಮೂಲೆಗಳನ್ನು ಹಿಡಿದುಕೊಂಡಳು.

"ಯಾಕೆ?" ಎಂದಳು. "ನನಗ್ಯಾಕೆ ಹೀಗೆ ಮಾಡಿದ್ಲು?"

ಇನ್‌ಸ್ಪೆಕ್ಟರ್ ತಲೆ ಬೇರೆ ದಾರಿ ಹಿಡಿದಿತ್ತು. ಕಣ್ಣು ಕಾಣುತ್ತಿದ್ದವಳು ಸಾರುವೆಯ ಮೇಲಿದ್ದಳು. ಬಲಗಡೆ ಹಲಗೆ ಇಲ್ಲದ್ದು ಅವಳಿಗೆ ಕಾಣುತ್ತಿತ್ತು. ಕೆಳಗಿನಿಂದ ತಂಗಿ ಏನೇ ಕೂಗಿದರೂ ಕಣ್ಣಿದ್ದವಳು ಖಾಲಿ ಜಾಗಕ್ಕೆ ಕಾಲಿಡುವುದಿಲ್ಲ. ಬೇಕೆಂದೇ ಇಡದ ಹೊರತು. ಅಥವಾ ಆ ಒಂದು ಕ್ಷಣ ಅವಳ ಕಣ್ಣು ಬೇರೆಲ್ಲೋ ಇರದ ಹೊರತು.

"ಇಲ್ಲಿ ನೋಡಿ," ಎಂದಳು, ತಂಗಿಯ ಎದುರು ಕೂತು, ದನಿ ತಗ್ಗಿಸಿ. "ಒಂದೇ ಒಂದು ವಿಷಯ ನೆನಪು ಮಾಡ್ಕೊಳ್ಳಿ. ನೀವು 'ಇನ್ನೊಂದು ಹೆಜ್ಜೆ' ಅಂದಾಗ ಅಕ್ಕ ಯಾವ ಕಡೆ ನೋಡ್ತಿದ್ರು?"

"ಅವಳಿಗೆ ಕಾಣ್..." ತಂಗಿ ತುಟಿ ಕಚ್ಚಿಕೊಂಡಳು. ಕಣ್ಣು ಮುಚ್ಚಿ ಯೋಚಿಸಿದಳು. "ಚಿತ್ರದ ಕಡೆ ಅಲ್ಲ. ತಲೆ ತಿರುಗಿಸಿದ್ಲು. ಹಿಂದಕ್ಕೆ. ನನ್ನ ತಲೆ ಮೇಲಿಂದ ಆಚೆಗೆ."

"ಬಾಗಿಲ ಕಡೆಗಾ?"

"ಹೌದು. ನಾನು ಬಾಗಿಲಿಗೆ ಬೆನ್ನು ಹಾಕಿದ್ದೆ, ಚಿತ್ರಾನೇ ನೋಡ್ತಿದ್ದೆ. ಕುರುಡರು ಹಾಗೇ ಎಲ್ಲೆಲ್ಲೋ ಮುಖ ತಿರುಗಿಸ್ತಾರಲ್ಲ, ಅದಕ್ಕೇ ಲಕ್ಷ್ಯ ಕೊಡಲಿಲ್ಲ." ಕಣ್ಣು ತೆರೆದಳು. "ಅವಳ ಮುಖ ಅರಳಿತ್ತು ಮೇಡಂ. 'ಬಂದ್ಯಾ?' ಅಂದ್ಲು."

ದಫೇದಾರರು ಬಾಗಿಲಲ್ಲೇ ನಿಂತವರು ಒಂದು ಹೆಜ್ಜೆ ಒಳಗೆ ಬಂದರು.

"'ಬಂದ್ಯಾ' ಅಂದ್ರಾ? ಅದೇ ಮಾತಾ?" ಎಂದಳು ಇನ್‌ಸ್ಪೆಕ್ಟರ್.

"ಅದೇ ಮಾತು. ನನಗೆ ಅಂದಿದ್ದು ಅಂದ್ಕೊಂಡೆ. 'ಇಲ್ಲೇ ಇದೀನಲ್ಲ ಅಕ್ಕ, ಎಲ್ಲಿಗೆ ಹೋಗ್ಲಿ' ಅಂದೆ. ಅಷ್ಟರಲ್ಲಿ ಅವಳ ಕಾಲು..."

"ಗ್ಯಾಲರಿ ಯಜಮಾನರನ್ನ ಅಕ್ಕ ಹೇಗೆ ಮಾತಾಡಿಸ್ತಿದ್ರು?"

"ನೀವು, ಬನ್ನಿ ಅಂತ. ಯಾರನ್ನೇ ಆದ್ರೂ ಹಾಗೇ. ಹಾಲು ಹಾಕೋನನ್ನೂ ಬಹುವಚನದಲ್ಲೇ ಕರೆಯೋಳು. ಬಿಗುಮಾನದ ಹೆಂಗಸು."

"ಹಾಗಾದ್ರೆ ಹೇಳಿ. ಆ ಬಾಗಿಲಲ್ಲಿ ಬಂದು ನಿಂತ್ರೆ, ನಿಮ್ಮಕ್ಕ ಮುಖ ಅರಳಿಸಿ 'ಬಂದ್ಯಾ' ಅನ್ನೋ ಅಷ್ಟು ಸಲಿಗೆ ಯಾರ ಜೊತೆ ಇತ್ತು? ಏಕವಚನದಲ್ಲಿ ಅವರು ಯಾರನ್ನ ಕರೀತಿದ್ರು?"

"ನನ್ನೊಬ್ಬಳನ್ನೇ," ಎಂದಳು ತಂಗಿ, ಯೋಚಿಸದೆ. "ಈ ಲೋಕದಲ್ಲಿ ನನ್ನೊಬ್ಬಳನ್ನೇ. ಮತ್ತೆ ನನ್ನ..."

ಆ 'ಮತ್ತೆ'ಯ ಮುಂದೆ ಒಂದು ಹೆಸರಿತ್ತು. ಅದು ತುಟಿಯ ತನಕ ಬಂದದ್ದನ್ನು ಇನ್‌ಸ್ಪೆಕ್ಟರ್ ಕಣ್ಣಾರೆ ಕಂಡಳು. ಬಂದದ್ದು ಅಲ್ಲೇ ನಿಂತಿತು. ತಂಗಿಯ ಮುಖದ ರಕ್ತ ಇಳಿದು ಹೋಯಿತು. ಅಕ್ಕನ ಸಾವಿನ ಮಾತಿಗೂ, ತನ್ನ ಪಾಪದ ಮಾತಿಗೂ, ಕಣ್ಣಿನ ಮಾತಿಗೂ ಬಿಳಚದ ಮುಖ ಈಗ ಸುಣ್ಣದ ಗೋಡೆಯಾಗಿತ್ತು.

"ಮತ್ತೆ ಯಾರು?"

ತಂಗಿ ಮೇಜಿನ ಮೂಲೆಗಳನ್ನು ಬಿಟ್ಟಳು. ಸೆರಗು ಸರಿಮಾಡಿಕೊಂಡಳು. ನೆಟ್ಟಗೆ ಕೂತಳು.

"ಬಾಗಿಲಲ್ಲಿ ಯಾರೂ ಇರಲಿಲ್ಲ," ಎಂದಳು. "ಅಕ್ಕ ಏನೂ ಅನ್ನಲಿಲ್ಲ. ನಾನು ಸಾರುವೆ ಹತ್ತಿ ಅವಳನ್ನ ತಳ್ಳಿದೆ. ಬರ್ಕೊಳ್ಳಿ ಮೇಡಂ, ರುಜು ಹಾಕ್ತೀನಿ."

ದಫೇದಾರರ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋಯಿತು.

"ನೀವು ಸಾರುವೆ ಹತ್ತಿದ್ರೆ ನಿಮಗೆ ಬೆಳ್ಳಿ ಕಾಣೋ ಹಾಗಿಲ್ಲ," ಎಂದಳು ಇನ್‌ಸ್ಪೆಕ್ಟರ್ ಮೆಲ್ಲಗೆ. "ಯಾರನ್ನ ಉಳಿಸ್ತಿದೀರಿ?"

ತಂಗಿ ಅವಳ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು. ಕೇಸು ಶುರುವಾದಂದಿನಿಂದ ಒಂದು ಸಲವೂ ಅವಳ ಕಣ್ಣಿಗೆ ಎದುರಾಗದ ಕಣ್ಣುಗಳು ಅವು.

"ತಳ್ಳಿದ್ದು ನಾನೇ," ಎಂದಳು. "ಬೇಗ ಬರ್ಕೊಳ್ಳಿ. ಲಾರಿ ಹೊರಡೋಕೆ ಮುಂಚೆ ನನ್ನನ್ನ ಇಲ್ಲಿಂದ ಕರ್ಕೊಂಡು ಹೋಗಿ."